ಕೇಳದೆ ತಿದ್ದಬಹುದೇ?

ಪ್ರಶ್ನೆ: ನಾನು ನಿವೃತ್ತ ಕನ್ನಡ ಮೇಷ್ಟ್ರು. ಪಕ್ಕದ ಮನೆಯ ಹುಡುಗಿ ಮುಗಿದುಹೋದ ಒಂದು ಟಿವಿ ಧಾರಾವಾಹಿಯ ಕಥೆಯನ್ನು ತಾನೇ ಮುಂದುವರಿಸಿ ಬರೆಯುತ್ತಾಳೆ. ಫ್ಯಾನ್ ಫಿಕ್ಷನ್ ಅಂತಾರಂತೆ. 13 ಕಂತು ಓದಿ, ತಪ್ಪುಗಳ ಪಟ್ಟಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಕರೆಂಟು ಹೋದಾಗ ಅತ್ತೆ-ಸೊಸೆ ಮೇಣದಬತ್ತಿ ಹಚ್ಚಿಟ್ಟುಕೊಂಡು ಅಕ್ಕಿ ಆರಿಸುತ್ತ ಮಾತಾಡುವ ಕಂತು ಮಾತ್ರ ಬಹಳ ಚೆನ್ನಾಗಿತ್ತು. ಹುಡುಗಿ ‘ಥ್ಯಾಂಕ್ಸ್ ಸರ್’ ಅಂದಳು. ಆಮೇಲೆ ಬರೆದೇ ಇಲ್ಲ. ಬೇಲೂರಿನಲ್ಲಿ ಡಂಕಣ ತಪ್ಪು ತೋರಿಸಲಿಲ್ಲವೇ? ನಾನು ಮಾಡಿದ್ದು ತಪ್ಪಾ?
– ಹೆಸರು ಬೇಡ, ಹಾಸನ

ಉತ್ತರ: ಮೇಷ್ಟ್ರೇ, ನಿಮ್ಮ ಪಟ್ಟಿ ಸರಿಯಾಗಿಯೇ ಇರುತ್ತದೆ. ಆದರೆ ಅವಳು ಕೇಳಿರಲಿಲ್ಲ, ಅಲ್ವಾ?

ಡಂಕಣನ ಕಥೆಯನ್ನೇ ನೋಡಿ. ವಿಗ್ರಹಕ್ಕೆಲ್ಲ ಗಂಧ ಹಚ್ಚಿದರು. ಮೈಯೆಲ್ಲ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಹಸಿಯಾಗೇ ಉಳಿಯಿತು. ಅಲ್ಲಿ ಉಳಿ ಇಟ್ಟರೆ ಒಳಗೆ ಕಪ್ಪೆ. ಹುಡುಗ ಹೇಳಿದ್ದು ನಿಜ. ಆದರೆ ಹೋದದ್ದು ಜಕಣಾಚಾರಿಯ ಬಲಗೈ. ಅದು ಪೂಜೆಗೆ ನಿಲ್ಲಬೇಕಾದ ವಿಗ್ರಹ, ಹೇಳಲೇಬೇಕಿತ್ತು. ಈ ಹುಡುಗಿ ಗುಡಿಗೆ ವಿಗ್ರಹ ಕೆತ್ತುತ್ತಿಲ್ಲ. ಅವಳಿಗೆ ದುಡ್ಡು ಬರುವುದಿಲ್ಲ, ಪುಸ್ತಕವೂ ಆಗುವುದಿಲ್ಲ. ಹಚ್ಚಿಕೊಂಡ ಪಾತ್ರಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ ಬರೆಯುತ್ತಾಳೆ.

ಇದು ಸುಮ್ನೆ ಹುಡುಗಾಟವೂ ಅಲ್ಲ. ಇಂಥ ಕಥೆಗಳಿಗೆಂದೇ ಇರುವ ‘ಆರ್ಕೈವ್ ಆಫ್ ಅವರ್ ಓನ್’ ಅನ್ನುವ ವೆಬ್‌ಸೈಟಿಗೆ 2019ರಲ್ಲಿ, ವೈಜ್ಞಾನಿಕ ಮತ್ತು ಅದ್ಭುತ ಕಥೆಗಳ ಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಬಂದಿದೆ. ಅಲ್ಲಿ ಕಥೆಯ ಜೊತೆಗೇ ಬರೆದವರ ಟಿಪ್ಪಣಿ ಇರುತ್ತದೆ. ‘ತಪ್ಪಿದ್ದರೆ ಹೇಳಿ’ ಅಂತ ಕೆಲವರು ಬರೆದಿರುತ್ತಾರೆ, ಅವರಿಗೆ ಧಾರಾಳವಾಗಿ ಹೇಳಬಹುದು. ಬರೆಯದಿದ್ದರೆ ಮೆಚ್ಚಿದ್ದನ್ನಷ್ಟೇ ಹೇಳುವುದು ಬಹಳ ಜನ ಪಾಲಿಸುವ ರೀತಿ. ತಿದ್ದಿಸಿಕೊಳ್ಳಬೇಕು ಅನ್ನುವವರು ಮೊದಲೇ ನಂಬಿಕೆಯ ಒಬ್ಬರಿಗೆ ಓದಲು ಕೊಡುತ್ತಾರೆ. ಅವರನ್ನು ಬೀಟಾ ರೀಡರ್ ಅನ್ನುತ್ತಾರೆ. ನಿಮ್ಮ ಕಣ್ಣಿಗೆ ಹೇಳಿ ಮಾಡಿಸಿದ ಕೆಲಸ ಅದು. ಆದರೆ ಅವಳಾಗಿ ಕರೆಯಬೇಕು.

ಒಂದು ಜಾತಿಯನ್ನೋ, ಬದುಕಿರುವ ಯಾರನ್ನೋ ನೋಯಿಸುವ ಮಾತು ಕಥೆಯಲ್ಲಿದ್ದರೆ ಕಾಯಬೇಡಿ, ಒಬ್ಬಳೇ ಇದ್ದಾಗ ಹೇಳಿ. ಅಲ್ಪಪ್ರಾಣ, ಮಹಾಪ್ರಾಣ ಕಾಯುತ್ತವೆ.

ನಾನು ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ನೋಡಿದ ಒಂದು ಸಿನಿಮಾದ ಕಥೆಯನ್ನು 200 ಪುಟದ ನೋಟ್‌ಬುಕ್ಕಿನಲ್ಲಿ ಮುಂದುವರಿಸಿದ್ದೆ. ಓದಲು ತೆಗೆದುಕೊಂಡ ಹಿರಿಯರೊಬ್ಬರು ಅಂಚಿನ ತುಂಬ ಪೆನ್ಸಿಲಿನಲ್ಲಿ ತಿದ್ದಿ ವಾಪಸು ಕೊಟ್ಟರು. ಅವರು ತಿದ್ದಿದ್ದರಲ್ಲಿ ಒಂದೂ ತಪ್ಪಿರಲಿಲ್ಲ, ಎಲ್ಲವೂ ಸರಿ. ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದವೇ ಹರಿಯಿತು. 42ನೇ ಪುಟದ ನಂತರ ಆ ನೋಟ್‌ಬುಕ್ಕು ಇವತ್ತಿಗೂ ಖಾಲಿ ಇದೆ. ಅದಕ್ಕೇ ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಅಕ್ಕಿ ಆರಿಸುವ ಕಂತು ಚೆನ್ನಾಗಿದೆ ಅಂತ ನನಗೆ ಬರೆದಿರಿ. ಅವಳಿಗೆ ಕಳಿಸಿದ ಪಟ್ಟಿಯಲ್ಲಿ ಅದು ಇತ್ತಾ? ಇರಲಿಲ್ಲ ಅಂತ ಕಾಣುತ್ತದೆ. ಮೇಣದಬತ್ತಿ ಸಮೇತ ನಿಮಗೆ ನೆನಪಿದೆ ನೋಡಿ!

ಉದ್ದದ ಕ್ಷಮೆ ಕೇಳಬೇಡಿ, ಹುಡುಗಿಗೆ ಇನ್ನೂ ಸಂಕೋಚ ಆಗುತ್ತದೆ. ‘ಯಾಕಮ್ಮ ಬರೀತಿಲ್ಲ’ ಅಂತಲೂ ಬೇಡ. ಗೇಟಿನ ಹತ್ತಿರ ಸಿಕ್ಕಾಗ, ‘ನೀನು ಕೇಳದೆ ತಿದ್ದಬಾರದಿತ್ತಮ್ಮ’ ಅಂತ ಒಂದೇ ಮಾತು ಹೇಳಿ. ಆಮೇಲೆ, ಕರೆಂಟು ಬಂದ ಮೇಲೆ ಆ ಅತ್ತೆ ಏನು ಮಾಡಿದಳು ಅಂತ ಕೇಳಿ. ಅವಳು ಹೇಳಲು ಶುರುಮಾಡಿದರೆ ಮಧ್ಯೆ ಮಾತಾಡದೆ ಪೂರ್ತಿ ಕೇಳಿಸಿಕೊಳ್ಳಿ.