ಕೋಲಾರದಲ್ಲಿದ್ದುಕೊಂಡು ಬಾಲ್ಸಾ ಮರದಲ್ಲಿ ಆರ್‌ಸಿ ಸ್ಪಿಟ್‌ಫೈರ್ ಕಟ್ಟೋದು ಹೇಗೆ?

ನೀವು ಕೇಳಿರುವುದು ಇಷ್ಟು: ಆರ್‌ಸಿ, ಅಂದರೆ ರಿಮೋಟ್‌ನಿಂದ ನಡೆಸುವ ಫೋಮ್ ವಿಮಾನ ಹಾರಿಸೋದು ಒಂದು ಮಟ್ಟಿಗೆ ಬರುತ್ತದೆ, ಈಗ ಬಾಲ್ಸಾ ಮರದಲ್ಲಿ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮಾಡೆಲ್ಲನ್ನು ನಿಜವಾದದ್ದರ ಅಳತೆ ಕುಗ್ಗಿಸಿ ಸರಿಯಾಗಿ ಕಟ್ಟಬೇಕು, ಮನೆಯಲ್ಲಿ ಮಷೀನ್ ಏನೂ ಇಲ್ಲ, ಕೋಲಾರದ ಸುತ್ತ ಹಾರಿಸೋಕೆ ಜಾಗ ಎಲ್ಲಿ ಸಿಗುತ್ತದೆ ಅಂತ. ನಾನೂ ಇದೇ ಊರಿನವನು, ಇದೇ ಹುಚ್ಚು. ಮೊದಲೇ ಹೇಳಿಬಿಡುತ್ತೇನೆ: ಮಷೀನ್ ಬೇಕಾಗಿಲ್ಲ, ಜಾಗಕ್ಕೂ ಬರವಿಲ್ಲ. ಆದರೆ ಸ್ಪಿಟ್‌ಫೈರ್ ಈಗಲೇ ಬೇಡ.

ಅದರ ರೆಕ್ಕೆಯಷ್ಟು ಚೆಂದದ ರೆಕ್ಕೆ ಇನ್ನೊಂದಿಲ್ಲ, ಒಪ್ಪುತ್ತೇನೆ. ಕಟ್ಟೋಕೆ ಕೂತಾಗ ಆ ಚೆಂದವೇ ತಲೆನೋವು. ಅಂಚೆಲ್ಲ ಬಾಗಿರುವುದರಿಂದ ಒಂದೊಂದು ರಿಬ್ಬಿಗೂ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿ) ಒಂದೊಂದು ಅಳತೆ. ಮಾಡೆಲ್‌ನಲ್ಲಿ ನಿಧಾನಕ್ಕೆ ಇಳಿಸುವಾಗ ರೆಕ್ಕೆಯ ತುದಿ ಮೊದಲು ಸ್ಟಾಲ್ ಆದರೆ, ಅಂದರೆ ಎತ್ತಿ ಹಿಡಿಯುವ ಬಲ ಕಳೆದುಕೊಂಡರೆ, ವಿಮಾನ ಪಕ್ಕಕ್ಕೆ ಮಗುಚುತ್ತದೆ. ಸಾಲದ್ದಕ್ಕೆ ಚಕ್ರಗಳು ಒಂದಕ್ಕೊಂದು ತೀರಾ ಹತ್ತಿರ. ಡಾಂಬರು ಹಾಕಿದ ರನ್‌ವೇ ಇದ್ದರೆ ಹೇಗೋ ಆಗುತ್ತದೆ, ನಮ್ಮ ಹೊಲದ ನೆಲದಲ್ಲಿ ಕಷ್ಟ.

ಅದರ ಬದಲು ಎಚ್‌ಎಎಲ್ ಪುಷ್ಪಕ್ ಕಟ್ಟಿ. ಬೆಂಗಳೂರಿನಲ್ಲೇ ತಯಾರಾದ ವಿಮಾನ, ಮೊದಲು ಹಾರಿದ್ದು 1958ರಲ್ಲಿ. ಇಬ್ಬರು ಅಕ್ಕಪಕ್ಕ ಕೂರುವ, ಬಟ್ಟೆ ಹೊದಿಸಿದ ಪುಟ್ಟ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳು ಇದರಲ್ಲೇ ಕಲಿತಿದ್ದಾರೆ. ರೆಕ್ಕೆ ಕ್ಯಾಬಿನ್ನಿನ ಮೇಲೆ ಕೂತಿದೆ, ಬುಡದಿಂದ ತುದಿಯವರೆಗೆ ಬಹುತೇಕ ಒಂದೇ ಅಗಲ, ಕೆಳಗಿನಿಂದ ವಿ ಆಕಾರದ ಆಸರೆ ಕಡ್ಡಿಗಳು. ಚಕ್ರ ಮಡಚುವ ಗೋಜಿಲ್ಲ. ಅಮೆರಿಕದ ಏರಾಂಕಾ ಚೀಫ್‌ಗೂ ಇದಕ್ಕೂ ತುಂಬ ಹೋಲಿಕೆ ಇದೆ. ಹಾಗಾಗಿ ಪುಷ್ಪಕ್ ಹೆಸರಿನ ಪ್ಲಾನ್ ಸಿಗದಿದ್ದರೆ ಏರಾಂಕಾದ ಮಾಡೆಲ್ ಪ್ಲಾನ್ ಹಿಡಿದು, ಪುಷ್ಪಕ್‌ನ ಫೋಟೋ ನೋಡಿಕೊಂಡು ಮೂಗು, ಕಿಟಕಿ, ಬಾಲ ತಿದ್ದಬಹುದು.

ಅಳತೆ ಎಂಟರಲ್ಲಿ ಒಂದು ಇಟ್ಟುಕೊಳ್ಳಿ. ನಿಜವಾದ ಪುಷ್ಪಕ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ 36 ಅಡಿ, ನಿಮ್ಮದು ನಾಲ್ಕೂವರೆ ಅಡಿ ಆಗುತ್ತದೆ. ಬಸ್ಸಿನಲ್ಲಿ ತರೋಕೆ ಆಗದಿದ್ದರೂ ರೆಕ್ಕೆ ಬಿಚ್ಚಿ ಸ್ಕೂಟರ್ ಮೇಲೆ ಹಿಂದೆ ಒಬ್ಬರು ಹಿಡಿದು ಕೂತರೆ ಒಯ್ಯಬಹುದು. ಇಲ್ಲೊಂದು ಲೆಕ್ಕ ಗಮನಿಸಿ. ಉದ್ದ ಎಂಟು ಪಾಲು ಕಮ್ಮಿಯಾದರೆ ರೆಕ್ಕೆಯ ವಿಸ್ತೀರ್ಣ 64 ಪಾಲು ಕಮ್ಮಿಯಾಗುತ್ತದೆ, ತೂಕ 512 ಪಾಲು ಕಮ್ಮಿಯಾಗಬೇಕು. ಇಬ್ಬರು ಕೂತು ಪೆಟ್ರೋಲ್ ತುಂಬಿದ ಪುಷ್ಪಕ್ ಸುಮಾರು 600 ಕಿಲೋ. 512ರಿಂದ ಭಾಗಿಸಿದರೆ ಹೆಚ್ಚುಕಮ್ಮಿ 1.2 ಕಿಲೋ. ನಿಮ್ಮ ಮಾಡೆಲ್ ಬ್ಯಾಟರಿ ಸಮೇತ ಅಷ್ಟರೊಳಗೆ ಮುಗಿಯಬೇಕು. ಜಾಸ್ತಿಯಾದರೂ ಹಾರುತ್ತದೆ, ಆದರೆ ಆ ಪುಟ್ಟ ವಿಮಾನದ ನಿಧಾನದ ನಡೆ ಬರೋದಿಲ್ಲ. ಕಲ್ಲು ಬೀಸಿದ ಹಾಗೆ ಹೋಗುತ್ತದೆ. ನಮ್ಮ ಕೋಲಾರ ಬೇರೆ ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿ ಚೆನ್ನೈಗಿಂತ ಶೇ. 8ರಷ್ಟು ತೆಳು. ಅಲ್ಲಿ ಲೀಲಾಜಾಲವಾಗಿ ಇಳಿಯುವ ಮಾಡೆಲ್ ಇಲ್ಲಿ ಸ್ವಲ್ಪ ವೇಗವಾಗೇ ನೆಲ ಮುಟ್ಟುತ್ತದೆ.

ಸ್ಕೇಲ್ ಮಾಡೆಲ್ ಅಂದ ತಕ್ಷಣ ಜನ ಬಣ್ಣ, ಡ್ಯಾಶ್‌ಬೋರ್ಡು, ಪೈಲಟ್ ಗೊಂಬೆ ಅಂತ ಯೋಚಿಸುತ್ತಾರೆ. ನನ್ನ ಪ್ರಕಾರ ಸ್ಕೇಲ್ ಅನ್ನೋದು ಮೊದಲು ತಕ್ಕಡಿಯಲ್ಲಿ ಕಾಣಬೇಕು. ಆದ್ದರಿಂದ ನಿಮ್ಮ ಮೊದಲ ಉಪಕರಣ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಅಮ್ಮನಿಗೆ ಹೇಳಿ ತೆಗೆದುಕೊಳ್ಳಿ.

ಬಾಲ್ಸಾ ಎಲ್ಲ ಒಂದೇ ಅಲ್ಲ. ಮರ ದಕ್ಷಿಣ ಅಮೆರಿಕದ್ದು, ಹೆಚ್ಚಾಗಿ ಈಕ್ವೆಡಾರ್‌ನಿಂದ ಬರುತ್ತದೆ. ಬೇಗ ಬೆಳೆಯುವ ಮರವಾದ್ದರಿಂದ ಒಂದೇ ಕಟ್ಟಿನಲ್ಲಿ ಒಂದು ಹಾಳೆ ಇನ್ನೊಂದರ ಎರಡರಷ್ಟು ತೂಗಬಹುದು. ಒಂದು ಮೀಟರ್ ಉದ್ದ, 10 ಸೆಂಟಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪದ ಹಾಳೆ ತೂಗಿ ನೋಡಿ. 20 ಗ್ರಾಂ ಬಂದರೆ ತುಂಬ ಹಗುರ, 30ರ ಆಸುಪಾಸು ಮಧ್ಯಮ, 40 ದಾಟಿದರೆ ಗಟ್ಟಿ ಮರ. ಪ್ರತಿ ಹಾಳೆಯ ಮೂಲೆಯಲ್ಲೂ ಪೆನ್ಸಿಲ್‌ನಲ್ಲಿ ತೂಕ ಬರೆದಿಡಿ. ಆಮೇಲೆ ಹಾಳೆಯನ್ನು ಅಗಲದ ಕಡೆಯಿಂದ ಮೆಲ್ಲಗೆ ಬಗ್ಗಿಸಿ. ಕೆಲವು ಸುಲಭವಾಗಿ ಸುರುಳಿಯಾಗುತ್ತವೆ, ಅವು ಮೂಗಿನ ಮೇಲ್ಭಾಗದಂಥ ಬಾಗಿದ ಕಡೆಗೆ. ಕೆಲವು ಬಗ್ಗುವುದೇ ಇಲ್ಲ, ಮೈಮೇಲೆ ಮೀನಿನ ಹುರುಪೆಯ ಥರ ಮಿನುಗುವ ಚುಕ್ಕಿಗಳಿರುತ್ತವೆ. ಅವು ರಿಬ್ಬುಗಳಿಗೆ. ಗಟ್ಟಿ ಮರ ರೆಕ್ಕೆಯ ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಬೆನ್ನೆಲುಬಿನಂತೆ ಹೋಗುವ ಕಡ್ಡಿ), ಎಲ್ಲಕ್ಕಿಂತ ಹಗುರವಾದದ್ದು ಬಾಲಕ್ಕೆ.

ಬಾಲಕ್ಕೆ ಯಾಕೆ ಅಷ್ಟು ಕಾಳಜಿ? ಈ ಅಳತೆಯಲ್ಲಿ ವಿಮಾನದ ಒಟ್ಟು ಉದ್ದ ಸುಮಾರು 79 ಸೆಂಟಿಮೀಟರ್. ತೂಕ ಸಮವಾಗಬೇಕಾದ ಜಾಗದಿಂದ ಬಾಲ ಎಷ್ಟು ದೂರವೋ, ಮೂಗು ಅದರ ಮೂರನೇ ಒಂದು ಪಾಲಷ್ಟೇ ದೂರ. ಬಾಲದಲ್ಲಿ 10 ಗ್ರಾಂ ಹೆಚ್ಚಾದರೆ ಮೂಗಿನಲ್ಲಿ ಇನ್ನೂ 30 ಗ್ರಾಂ ಸೀಸ ಇಡಬೇಕು. ಏನೂ ಕೆಲಸ ಮಾಡದ 40 ಗ್ರಾಂ ಸುಮ್ನೆ ಹೊತ್ತುಕೊಂಡು ಹಾರಬೇಕು, ಅಲ್ವಾ? ಹಾಗಾಗಿ ಬಾಲವನ್ನು ಇಡೀ ಹಾಳೆಯಲ್ಲಿ ಕತ್ತರಿಸಬೇಡಿ, ಸಣ್ಣ ಕಡ್ಡಿ ಜೋಡಿಸಿ ಚೌಕಟ್ಟು ಕಟ್ಟಿ.

ಇನ್ನು ರೆಕ್ಕೆ. ಪ್ಲಾನನ್ನು ದೊಡ್ಡ ಪ್ರಿಂಟ್ ಹಾಕುವ ಜೆರಾಕ್ಸ್ ಅಂಗಡಿಯಲ್ಲಿ ಪೂರ್ಣ ಅಳತೆಗೆ ತೆಗೆಸಿ. ಬಂದ ತಕ್ಷಣ ಟೇಪು ಹಿಡಿದು ಅಳೆಯಿರಿ. 'ಪೇಜಿಗೆ ಹೊಂದಿಸು' ಅನ್ನೋ ಬಟನ್ ಒತ್ತಿ ಪ್ಲಾನನ್ನೇ ಕುಗ್ಗಿಸಿಬಿಟ್ಟಿರುತ್ತಾರೆ. ಒಂದು ಸಾಫ್ಟ್‌ಬೋರ್ಡ್ ಮೇಲೆ ಪ್ಲಾನ್ ಹಾಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಸಿ. ಇಲ್ಲದಿದ್ದರೆ ರೆಕ್ಕೆಯ ಜೊತೆ ಪ್ಲಾನೂ ಅಂಟಿಕೊಂಡು ಬರುತ್ತದೆ. ಬೋರ್ಡ್ ಸಪಾಟಾಗಿ ಇರಲೇಬೇಕು, ಅದು ಸೊಟ್ಟ ಇದ್ದರೆ ರೆಕ್ಕೆಯೂ ಸೊಟ್ಟ.

ಪುಷ್ಪಕ್ ಆರಿಸಿದ್ದರ ಫಲ ಸಿಗೋದು ಇಲ್ಲೇ. 20ಕ್ಕೂ ಹೆಚ್ಚು ರಿಬ್ಬು ಬೇಕು, ತುದಿಯ ಒಂದೆರಡು ಬಿಟ್ಟರೆ ಎಲ್ಲ ಒಂದೇ ಅಳತೆ. ಪ್ಲೈವುಡ್‌ನಲ್ಲಿ ರಿಬ್ಬಿನ ಆಕಾರದ ಎರಡು ಅಚ್ಚು ಮಾಡಿಕೊಳ್ಳಿ. ಒರಟಾಗಿ ಕತ್ತರಿಸಿದ ಬಾಲ್ಸಾ ತುಂಡುಗಳನ್ನೆಲ್ಲ ಆ ಎರಡರ ಮಧ್ಯೆ ಪೇರಿಸಿ, ಎರಡು ಕಡೆ ತೂತು ಹಾಕಿ ಬೋಲ್ಟು ಬಿಗಿಯಿರಿ. ಆಮೇಲೆ ಮರದ ತುಂಡಿಗೆ ಸುತ್ತಿದ ಸ್ಯಾಂಡ್ ಪೇಪರ್‌ನಿಂದ ಅಚ್ಚು ತಾಗುವವರೆಗೆ ಉಜ್ಜಿ. ಸ್ಪಾರ್ ಕೂರುವ ಕಚ್ಚನ್ನೂ ಬಿಚ್ಚುವ ಮೊದಲೇ ಒಟ್ಟಿಗೆ ಹಾಕಿಬಿಡಿ. ಬೋಲ್ಟು ಬಿಚ್ಚಿದಾಗ ಎಲ್ಲ ರಿಬ್ಬೂ ಒಂದೇ ಸಮ. ಲೇಸರ್ ಕಟಿಂಗ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ. ಧೂಳು ಮಾತ್ರ ಮನೆಯೆಲ್ಲ ತುಂಬುತ್ತದೆ. ಮಹಡಿಯ ಮೇಲೆ ಕೂತು, ಮೂಗಿಗೆ ಮಾಸ್ಕ್ ಹಾಕಿಕೊಂಡು ಮಾಡಿ.

ಕೆಳಗಿನ ಸ್ಪಾರನ್ನು ಗುಂಡುಪಿನ್ನುಗಳಿಂದ ಬೋರ್ಡಿಗೆ ಹಿಡಿಸಿ. ಪಿನ್ನನ್ನು ಸ್ಪಾರಿನ ಒಳಗೆ ಚುಚ್ಚಬೇಡಿ, ಎರಡು ಪಕ್ಕದಲ್ಲೂ ಓರೆಯಾಗಿ ಚುಚ್ಚಿ ಮಧ್ಯೆ ಸಿಕ್ಕಿಸಿ. ರಿಬ್ಬು ನಿಲ್ಲಿಸಿ, ಮೇಲಿನ ಸ್ಪಾರ್ ಕೂರಿಸಿ, ನಂತರ ಎರಡು ಸ್ಪಾರಿನ ನಡುವೆ ತೆಳು ಬಾಲ್ಸಾ ತುಂಡುಗಳನ್ನು ಗೋಡೆಯಂತೆ ಅಂಟಿಸಿ. ಆ ತುಂಡುಗಳ ಎಳೆ ನೆಟ್ಟಗೆ ಮೇಲಕ್ಕಿರಬೇಕು, ಅಡ್ಡಡ್ಡ ಇಟ್ಟರೆ ಬಲ ಬರೋದಿಲ್ಲ. ರೆಕ್ಕೆ ಮುರಿಯೋದು, ಉಳಿಯೋದು ಬಹುಪಾಲು ಇದರ ಮೇಲೆ ನಿಂತಿದೆ. ಇನ್ನೊಂದು ವಿಷಯ: ತುದಿಯ ಹತ್ತಿರ ಹಿಂಭಾಗದ ಅಂಚಿನ ಕೆಳಗೆ 6 ಮಿಲಿಮೀಟರ್ ಪಟ್ಟಿ ಇಟ್ಟು ಕಟ್ಟಿ. ರೆಕ್ಕೆ ಸುಮಾರು 18.5 ಸೆಂಟಿಮೀಟರ್ ಅಗಲ ಇರುವುದರಿಂದ ಅಷ್ಟಕ್ಕೆ ತುದಿ ಎರಡು ಡಿಗ್ರಿಯ ಹತ್ತಿರ ಮುಂಭಾಗ ಕೆಳಗಾಗುವಂತೆ ತಿರುಚುತ್ತದೆ. ಆಗ ಸ್ಟಾಲ್ ಆದರೂ ಬುಡದಿಂದ ಶುರುವಾಗುತ್ತದೆ, ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಭಾಗದ ಪಟ್ಟಿ) ಕೈಗೆ ಸಿಗುತ್ತದೆ. ಎರಡು ಕಡೆಯೂ ಒಂದೇ ಸಮ ಇರಲಿ.

ಅಂಟಿಗೆ ಹೆಚ್ಚಿನ ಕಡೆ ಫೆವಿಕಾಲ್ ಸಾಕು. ಒಣಗೋಕೆ ರಾತ್ರಿಯೆಲ್ಲ ಬೇಕು, ಆದರೆ ತಪ್ಪಾದರೆ ತಿದ್ದೋಕೂ ಸಮಯ ಸಿಗುತ್ತದೆ. ಕಡ್ಡಿಯ ತುದಿಯಲ್ಲಿ ಹಚ್ಚಿ, ಉಕ್ಕಿ ಬಂದದ್ದನ್ನು ಒರೆಸಿಬಿಡಿ. ಒಣಗಿದ ಫೆವಿಕಾಲ್ ರಬ್ಬರಿನಂತಾಗಿ ಸ್ಯಾಂಡ್ ಪೇಪರ್‌ಗೆ ಜಗ್ಗೋದಿಲ್ಲ, ಪಕ್ಕದ ಬಾಲ್ಸಾ ಮಾತ್ರ ಸವೆಯುತ್ತದೆ. ಮೋಟರ್ ಕೂರುವ ಪ್ಲೈವುಡ್ ಮತ್ತು ಚಕ್ರದ ಕಂಬಿಗೆ ಅರಾಲ್ಡೈಟ್. ಫೆವಿಕ್ವಿಕ್ ಜಾತಿಯ ಅಂಟು ಬಳಸುವಾಗ ಮುಖ ದೂರ ಇಡಿ. ಅದರ ಹೊಗೆ ಕಣ್ಣಿಗೆ ಉರಿ.

ದೇಹದ ಬಗ್ಗೆ ಜಾಸ್ತಿ ಹೇಳೋದಿಲ್ಲ, ಎರಡು ಪಕ್ಕವನ್ನು ಒಂದರ ಮೇಲೊಂದು ಕಟ್ಟಿದರೆ ಸಮ ಬರುತ್ತದೆ. ಹೊದಿಕೆಗೆ ಬಿಸಿಗೆ ಕುಗ್ಗುವ ಫಿಲ್ಮ್ ತರಿಸಿ. ಮನೆಯ ಇಸ್ತ್ರಿ ಪೆಟ್ಟಿಗೆಯನ್ನು ಸಿಂಥೆಟಿಕ್ ಬಟ್ಟೆಯ ಬಿಸಿಗೆ ಇಟ್ಟು ಮೊದಲು ಅಂಚು ಅಂಟಿಸಿ, ಆಮೇಲೆ ನಡುವೆ ಕುಗ್ಗಿಸಿ. ಬಾಲಕ್ಕೆ ಬಣ್ಣ ಬಳಿಯೋ ಆಸೆ ಬಿಡಿ, ಯಾಕೆಂದು ಮೇಲೆ ಹೇಳಿದ್ದೇನೆ. ಭಾರತದ ವಿಮಾನಗಳಿಗಿರುವ, 'ವಿಟಿ' ಅಂತ ಶುರುವಾಗುವ ನೋಂದಣಿ ಅಕ್ಷರಗಳನ್ನು ಬೈಕಿಗೆ ರೇಡಿಯಂ ಸ್ಟಿಕರ್ ಕತ್ತರಿಸುವವರ ಹತ್ತಿರ ಮಾಡಿಸಿ, ಅಂದವಾಗಿ ಬರುತ್ತದೆ.

ಮೋಟರ್ ಕಿಲೋಗೆ 200 ವ್ಯಾಟ್ ಲೆಕ್ಕದಲ್ಲಿ 250 ವ್ಯಾಟಿನದು ಸಾಕು. 3 ಸೆಲ್ಲಿನ, 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, 30ರಿಂದ 40 ಆಂಪಿಯರಿನ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ), 10 ಇಂಚಿನ ಪ್ರೊಪೆಲ್ಲರ್, 9 ಗ್ರಾಮಿನ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟರ್) ನಾಲ್ಕು. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸೋಕೆ ಜಾಗ ಬಿಟ್ಟು ಕಟ್ಟಿ. ಎಲ್ಲ ಮುಗಿದ ಮೇಲೆ ರೆಕ್ಕೆಯ ಮುಂಭಾಗದ ಅಂಚಿನಿಂದ 5 ಸೆಂಟಿಮೀಟರ್ ಹಿಂದೆ ಎರಡು ಬೆರಳಿನ ಮೇಲೆ ಎತ್ತಿ ನೋಡಿ. ಮೂಗು ಒಂಚೂರು ಕೆಳಗೆ ವಾಲಿದರೆ ಪರವಾಗಿಲ್ಲ. ಬಾಲ ಕೆಳಗೆ ವಾಲಿದರೆ ಅವತ್ತು ಹಾರಿಸಬೇಡಿ.

ಜಾಗದ ವಿಷಯಕ್ಕೆ ಬಂದರೆ, ಮೊದಲೆಲ್ಲ ಒಣಗಿದ ಕೆರೆ ಅಂಗಳವೇ ನಮ್ಮ ರನ್‌ವೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರತೊಡಗಿ ಎಷ್ಟೋ ಕೆರೆ ತುಂಬಿವೆ. ರೈತರ ಬೋರ್‌ವೆಲ್ ನೋಡಿದರೆ ನಾವು ದೂರೋ ಹಾಗಿಲ್ಲ. ಈಗ ಉಳಿದದ್ದು ಗೋಮಾಳ, ಇಲ್ಲವೇ ರಾಗಿ ಕೊಯ್ದ ಹೊಲ. ಗೋಮಾಳವೇ ಒಳ್ಳೆಯದು, ದನ ಮೇಯ್ದು ಹುಲ್ಲು ಗಿಡ್ಡವಾಗಿರುತ್ತದೆ. ರಾಗಿ ಹೊಲದ ಕೂಳೆಗೆ ಚಕ್ರ ಸಿಕ್ಕಿ ವಿಮಾನ ಪಲ್ಟಿ ಹೊಡೆಯುತ್ತದೆ. ಹೊಲ ಯಾರದೋ ಅವರನ್ನು ಕೇಳಿಯೇ ಇಳಿಯಿರಿ, ಸಾಮಾನ್ಯವಾಗಿ ಬೇಡ ಅನ್ನೋದಿಲ್ಲ. 'ಇದರಲ್ಲಿ ಔಷಧಿ ಹೊಡೀಬಹುದೇನಪ್ಪಾ?' ಅಂತ ಒಂದು ಮಾತು ಕೇಳಿಯೇ ಕೇಳುತ್ತಾರೆ. ಸುತ್ತ ನೀಲಗಿರಿ ತೋಪು, ಹೈಟೆನ್ಷನ್ ಲೈನ್ ಇಲ್ಲದ ಕಡೆ ನೋಡಿ. ಊರ ಹುಡುಗರು ಸೇರುತ್ತಾರೆ, ಎಲ್ಲರನ್ನೂ ನಿಮ್ಮ ಬೆನ್ನ ಹಿಂದೆ ಒಂದೇ ಕಡೆ ನಿಲ್ಲಿಸಿ ಆಮೇಲೆ ಬ್ಯಾಟರಿ ಜೋಡಿಸಿ.

ಕಾನೂನು ಕೂಡ ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳಲ್ಲಿ ಹವ್ಯಾಸಕ್ಕೆ, ಕಲಿಕೆಗೆ ಹಾರಿಸುವ ಮಾಡೆಲ್‌ಗಳಿಗೆ ಬೇರೆ ವ್ಯಾಖ್ಯೆ ಇದೆ: 25 ಕಿಲೋ ಮೀರಬಾರದು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯೇ (ಮುಂಚಿತ ಅನುಮತಿ ಬೇಡದ ಪ್ರದೇಶ) ಅಂತ ಹೋಗುವ ಮುಂಚೆ ನೋಡಿ.

ಆಷಾಢದ ಗಾಳಿಗೆ ಈ ತೂಕದ ವಿಮಾನ ತಡೆಯೋದಿಲ್ಲ. ಆ ತಿಂಗಳು ಮನೆಯಲ್ಲಿ ಕೂತು ಕಟ್ಟೋಕೆ ಹೇಳಿ ಮಾಡಿಸಿದ್ದು. ರಾಗಿ ಕಟಾವಾದ ಮೇಲಿನ ದಿನಗಳಲ್ಲಿ, ಬಿಸಿಲೇರುವ ಮೊದಲು ಗಾಳಿ ಮಲಗಿರುತ್ತದೆ, ಮೊದಲ ಹಾರಾಟ ಆಗ ಇಟ್ಟುಕೊಳ್ಳಿ. ಸದ್ಯಕ್ಕೆ ಮರ, ಅಂಟು, ಪಿನ್ನು ಮಾತ್ರ ತರಿಸಿ. ಮೋಟರ್ ಮತ್ತು ಲಿಪೋ ರೆಕ್ಕೆ ಮುಗಿದ ಮೇಲೆ ಆರ್ಡರ್ ಮಾಡಿದರೆ ಸಾಕು. ಲಿಪೋ ಬಳಸದೆ ಇಟ್ಟರೂ ಹಳೆಯದಾಗುತ್ತದೆ.