ನನ್ನ ಚಿತ್ರ ಬೇರೆಯವರ ಟೀ ಶರ್ಟ್ ಮೇಲೆ ಬಂದಿದೆ. ತೆಗೆಸುವುದು ಹೇಗೆ? ಗ್ಲೇಜ್ ಹಾಕಿದರೆ ಎಐ ಕಾಟ ತಪ್ಪುತ್ತದಾ?

ಎರಡನೇ ಪ್ರಶ್ನೆಗೆ ಚಿಕ್ಕ ಉತ್ತರ: ಗ್ಲೇಜ್ ಅಂದರೆ ಎಐ ನಕಲು ಮಾಡದಂತೆ ಚಿತ್ರಕ್ಕೆ ಸೂಕ್ಷ್ಮ ಲೇಪ ಹಾಕುವ ಸಾಫ್ಟ್‌ವೇರ್, ಅದರಿಂದ ಕಾಟ ಪೂರ್ತಿ ತಪ್ಪುವುದಿಲ್ಲ. ಮೊದಲನೆಯದಕ್ಕೆ ನಮ್ಮ ಕಾನೂನು ಗಟ್ಟಿಯಾಗಿಯೇ ಇದೆ, ಆದ್ದರಿಂದ ನಿಮ್ಮ ಶ್ರಮ ಹೆಚ್ಚಾಗಿ ಅಲ್ಲಿಗೇ ಹೋಗಲಿ.

ಮಾರುತ್ತಿರುವವನಿಗೆ ಮೆಸೇಜ್ ಹಾಕಿ ಜಗಳ ತೆಗೆಯಬೇಡಿ. ಲಿಸ್ಟಿಂಗ್ ಅಳಿಸಿ ಬೇರೆ ಹೆಸರಲ್ಲಿ ಅಂಗಡಿ ತೆರೆಯುತ್ತಾನೆ, ಸಾಕ್ಷಿ ಕೈತಪ್ಪುತ್ತದೆ. ಮೊದಲು ಪುಟದ ವಿಳಾಸ ಮತ್ತು ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ, ಅದೇ ಲಿಂಕನ್ನು ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್ ಎಂಬ ಸೈಟಿನಲ್ಲಿ ಸೇವ್ ಮಾಡಿ. ಸಾಧ್ಯವಾದರೆ ಒಂದು ಟೀ ಶರ್ಟ್ ಕೊಂಡುಬಿಡಿ. ಬಿಲ್ಲಿನಲ್ಲಿ ಮಾರಾಟಗಾರನ ನಿಜವಾದ ಹೆಸರು, ವಿಳಾಸ ಸಿಗುವ ಸಂಭವ ಹೆಚ್ಚು. ನಿಮ್ಮ ಕಡೆಯಿಂದ ಲೇಯರ್‌ಗಳಿರುವ ಮೂಲ ಫೈಲ್, ಪ್ರೊಕ್ರಿಯೇಟ್ ಎಂಬ ಚಿತ್ರ ಬರೆಯುವ ಆ್ಯಪ್ ಬಳಸುವವರಾದರೆ ಚಿತ್ರ ಮೂಡಿದ್ದನ್ನು ತೋರಿಸುವ ಟೈಮ್‌ಲ್ಯಾಪ್ಸ್ ವಿಡಿಯೋ ತೆಗೆದಿಡಿ. ಬರೀ ಜೆಪಿಜಿ ತೋರಿಸಿದರೆ ಏನು ಪ್ರಯೋಜನ? ಅದು ಕದ್ದವನ ಹತ್ತಿರವೂ ಇದೆ.

ಆಮೇಲೆ ನೋಟಿಸ್, ಅದೂ ಮಾರಾಟಗಾರನಿಗಲ್ಲ, ವೆಬ್‌ಸೈಟಿಗೆ. ಕಾಪಿರೈಟ್ ಕಾಯ್ದೆ 1957ರ ಸೆಕ್ಷನ್ 52(1)(ಸಿ) ಮತ್ತು 2013ರ ನಿಯಮಗಳಲ್ಲಿ 75ನೇ ನಿಯಮ ಇದಕ್ಕೆ ಆಧಾರ. ಯಾವ ಕೃತಿ, ಅದು ನಿಮ್ಮದೆನ್ನಲು ಏನು ಆಧಾರ, ನಕಲು ಇರುವ ಲಿಂಕ್ ಯಾವುದು, ಅದು ಸೆಕ್ಷನ್ 52ರ ವಿನಾಯಿತಿಯೊಳಗೆ (ಅನುಮತಿಯಿಲ್ಲದೆಯೂ ಬಳಸಬಹುದಾದ ಸಂದರ್ಭಗಳು) ಬರುವುದಿಲ್ಲ ಎಂಬ ಮಾತು, ಕೋರ್ಟಿಗೆ ಹೋಗಿ 21 ದಿನದೊಳಗೆ ಆದೇಶ ತರುತ್ತೇನೆ ಎಂಬ ಮುಚ್ಚಳಿಕೆ, ಇವಿಷ್ಟೂ ಇರಬೇಕು. ದೂರು ಸರಿಯಿದೆ ಅನ್ನಿಸಿದರೆ ಅವರು 36 ಗಂಟೆಯೊಳಗೆ ಆ ಪುಟವನ್ನು ತಡೆಹಿಡಿಯಬೇಕು. ಆದೇಶ ಬರದಿದ್ದರೆ 21 ದಿನದ ಮೇಲೆ ಮತ್ತೆ ಹಾಕಬಹುದು. ಅಮೆರಿಕದ ಕಂಪನಿಗಳಲ್ಲಿ ಡಿಎಂಸಿಎ (ಅಲ್ಲಿನ ಕಾಪಿರೈಟ್ ಕಾಯ್ದೆ) ಫಾರ್ಮ್ ಇರುತ್ತದೆ, ಅದನ್ನೇ ತುಂಬಿ. ಬಹಳಷ್ಟು ದೂರು ಬಿದ್ದುಹೋಗುವುದು ಅಂಗಡಿಯ ಮುಖಪುಟದ ಲಿಂಕ್ ಕೊಟ್ಟಿದ್ದಕ್ಕೆ. ಒಂದೊಂದು ವಸ್ತುವಿನ ಲಿಂಕನ್ನೂ ಬೇರೆ ಬೇರೆಯಾಗಿ ಕೊಡಬೇಕು. ದೂರಿನಲ್ಲಿರುವ ನಿಮ್ಮ ಹೆಸರು, ಇಮೇಲ್ ಎದುರು ಪಾರ್ಟಿಗೆ ಹೋಗಬಹುದು, ಇದಕ್ಕೆಂದೇ ಬೇರೆ ಇಮೇಲ್ ಇಟ್ಟುಕೊಳ್ಳಿ. ಕೋರ್ಟಿಗೇ ಹೋಗಬೇಕಾಗಿ ಬಂದರೆ ಸೆಕ್ಷನ್ 62ರ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ಮಾರುವವನು ಸೂರತ್‌ನಲ್ಲಿದ್ದರೂ ಧಾರವಾಡದವರು ಅಲ್ಲಿಗೆ ಅಲೆಯಬೇಕಿಲ್ಲ.

ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಆದರೂ ಹಣ ತರುವ ನಾಲ್ಕಾರು ಚಿತ್ರಗಳಿಗೆ ಮಾಡಿಸಿಡುವುದು ಒಳ್ಳೆಯದು. ಶುಲ್ಕ ಕೃತಿಗೆ 500 ರೂಪಾಯಿ, ಸರಕಿನ ಮೇಲೆ ಬಳಸುವಂಥದ್ದಾದರೆ 2000. ಬಟ್ಟೆಗೆಂದೇ ಮಾಡಿದ ಡಿಸೈನ್ ಆದರೆ ಲೆಕ್ಕವೇ ಬೇರೆ. ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸದೆ ನೀವೇ ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿಸಿದರೆ ಕಾಪಿರೈಟ್ ಕಾಯ್ದೆಯ ಸೆಕ್ಷನ್ 15ರಂತೆ ಕಾಪಿರೈಟೇ ಹೋಗುತ್ತದೆ. ಈ ಡಿಸೈನ್ ನೋಂದಣಿಯನ್ನು ಇನ್‌ಸ್ಟಾಗ್ರಾಂಗೆ ಹಾಕುವ ಮೊದಲೇ ಮಾಡಿಸಬೇಕು, ಊರಿಗೆಲ್ಲ ತೋರಿಸಿದ ಮೇಲೆ ಅದು 'ಹೊಸ ಡಿಸೈನ್' ಆಗಿ ಉಳಿಯುವುದಿಲ್ಲ.

ಇನ್ನು ಎಐ. ಗ್ಲೇಜ್, ನೈಟ್‌ಶೇಡ್ ಎರಡೂ ಷಿಕಾಗೋ ವಿಶ್ವವಿದ್ಯಾಲಯದ ತಂಡದ ಉಚಿತ ಸಾಫ್ಟ್‌ವೇರ್. ಗ್ಲೇಜ್ ನಿಮ್ಮ ಶೈಲಿಯನ್ನು ನಕಲು ಮಾಡುವುದನ್ನು ಕಷ್ಟವಾಗಿಸುತ್ತದೆ, ನೈಟ್‌ಶೇಡ್ ಚಿತ್ರಗಳಿಂದ ತರಬೇತಿ ಪಡೆಯುವ ಎಐ ಮಾಡೆಲ್‌ಗೆ ತಪ್ಪು ಪಾಠ ಹೇಳುತ್ತದೆ. ಎರಡೂ ಬೇಕಿದ್ದರೆ ಮೊದಲು ನೈಟ್‌ಶೇಡ್, ಆಮೇಲೆ ಗ್ಲೇಜ್. ಸೈಜ್ ಇಳಿಸುವುದು, ಸಹಿ ಹಾಕುವುದು ಎಲ್ಲ ಮುಗಿದ ಮೇಲೆ ಕೊನೆಗೆ ಇವನ್ನು ಓಡಿಸಿ. ಒಂದೇ ಬಣ್ಣ ತುಂಬಿದ ಕಾರ್ಟೂನ್ ಮಾದರಿಯ ಚಿತ್ರದಲ್ಲಿ ಈ ಲೇಪ ಕಲೆ ಕಲೆಯಾಗಿ ಎದ್ದು ಕಾಣುತ್ತದೆ, ತೀವ್ರತೆ ಕಡಿಮೆ ಇಡಿ. ಹಳೆಯ ಲ್ಯಾಪ್‌ಟಾಪ್ ಆದರೆ ಒಂದು ಚಿತ್ರಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಆಗಲೇ ಎಐ ನುಂಗಿರುವ ಹಳೆಯ ಚಿತ್ರಗಳಿಗೆ ಇದರಿಂದ ಉಪಯೋಗವಿಲ್ಲ. ಇಂಥ ಲೇಪವನ್ನು ಪತ್ತೆ ಹಚ್ಚಿ ತೆಗೆದುಹಾಕುವ ಲೈಟ್‌ಶೆಡ್ ಎಂಬ ವಿಧಾನವೂ 2025ರಲ್ಲಿ ಬಂದಿದೆ.

ಸ್ವಂತ ವೆಬ್‌ಸೈಟ್ ಇದ್ದರೆ, ಸೈಟುಗಳಿಗೆ ಕಾವಲಾಗುವ ಕ್ಲೌಡ್‌ಫ್ಲೇರ್ ಸೇವೆಯ ಉಚಿತ ಪ್ಲಾನ್‌ನಲ್ಲೇ ಎಐ ಬಾಟ್ (ಎಐಗಾಗಿ ಪುಟಗಳನ್ನು ತಾನಾಗಿ ಬಾಚುವ ಪ್ರೋಗ್ರಾಂ) ತಡೆಯುವ ಸ್ವಿಚ್ ಇದೆ, ಹಾಕಿಬಿಡಿ. ಬಾಟ್‌ಗಳಿಗೆ ಸೂಚನೆ ಬರೆದಿಡುವ ರೋಬೋಟ್ಸ್ ಫೈಲ್‌ನಲ್ಲಿ (robots.txt) ಜಿಪಿಟಿಬಾಟ್, ಸಿಸಿಬಾಟ್, ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಹೆಸರುಗಳಿಗೆ ಪ್ರವೇಶ ಬೇಡ ಎಂದು ಬರೆಯಬಹುದು, ಆದರೆ ಅದು ಬರೀ ವಿನಂತಿ. ಮರ್ಯಾದಸ್ತ ಬಾಟ್‌ಗಳಷ್ಟೇ ಕೇಳುತ್ತವೆ.

ವಾಟರ್‌ಮಾರ್ಕ್ ಮೂಲೆಯಲ್ಲಿ ಹಾಕಿದರೆ ಒಂದು ಕ್ರಾಪ್‌ಗೆ ಹೋಯಿತು. ಮುಖ, ಕೈ, ನೆರಿಗೆಯಂಥ ಸೂಕ್ಷ್ಮ ಕೆಲಸದ ಮೇಲೆ ತೆಳ್ಳಗೆ ಹಾಯಿಸಿ. ಖಾಲಿ ಹಿನ್ನೆಲೆಯ ಮೇಲಿದ್ದರೆ ಎಐ ಅದನ್ನು ಸಲೀಸಾಗಿ ಅಳಿಸುತ್ತದೆ. ಅದಕ್ಕಿಂತ ಮುಖ್ಯ, ನೆಟ್‌ಗೆ ಹಾಕುವ ಚಿತ್ರದ ಅಗಲ 1080 ಪಿಕ್ಸೆಲ್ ದಾಟಬಾರದು. ಒಳ್ಳೆಯ ಮುದ್ರಣಕ್ಕೆ ಬೇಕಾದ 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಅದು 9 ಸೆಂಟಿಮೀಟರ್ ಅಷ್ಟೇ, ಎ4 ಅಗಲಕ್ಕೆ 2480 ಬೇಕು. ಎಐನಿಂದ ದೊಡ್ಡದು ಮಾಡುತ್ತಾರೆ ನಿಜ, ಆದರೆ ಗೆರೆಗಳು ಕೆಟ್ಟು ನಕಲೆಂದು ಗೊತ್ತಾಗುತ್ತದೆ.

ನೀವು ಕೇಳದ ಒಂದು ವಿಷಯ. ದುಡ್ಡು ಪಡೆದು ಆರ್ಡರ್ ಮೇಲೆ ಪೇಂಟಿಂಗ್ ಅಥವಾ ಭಾವಚಿತ್ರ ಮಾಡಿಕೊಟ್ಟರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಸೆಕ್ಷನ್ 17ರಂತೆ ಹಕ್ಕು ಆರ್ಡರ್ ಕೊಟ್ಟವರಿಗೇ ಹೋಗುತ್ತದೆ. ಅದಕ್ಕೆ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ "ಕಾಪಿರೈಟ್ ಕಲಾವಿದರದ್ದು, ಇಂಥ ಬಳಕೆಗೆ, ಇಷ್ಟು ವರ್ಷಕ್ಕೆ ಮಾತ್ರ ಅನುಮತಿ, ಎಐ ತರಬೇತಿಗೆ ಕೊಡುವಂತಿಲ್ಲ" ಎಂದು ಬರೆದು ಇಬ್ಬರೂ ಸಹಿ ಮಾಡಿ.