ಕಂಪ್ಯೂಟರ್ ಕೇಳಿ-ಹೇಳಿ: ಅಕ್ಕನ ಮಗ ತರುವ ಲ್ಯಾಪ್‌ಟಾಪ್

ಪ್ರಶ್ನೆ: ಅಮೆರಿಕದಲ್ಲಿರುವ ಅಕ್ಕನ ಮಗ ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದಾನೆ. "ಮಾಮ, ಫ್ರೇಮ್‌ವರ್ಕ್ ಅಂತ ಒಂದು ಲ್ಯಾಪ್‌ಟಾಪ್ ಇದೆ. ಎಲ್ಲ ಭಾಗವನ್ನೂ ನೀವೇ ಬಿಚ್ಚಿ ಬದಲಾಯಿಸಬಹುದು, ತರಲಾ?" ಎನ್ನುತ್ತಾನೆ. ನಾನು ನಾಲ್ಕು ವರ್ಷದಿಂದ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಬಳಸುತ್ತಿದ್ದೇನೆ. ಹೂಂ ಅನ್ನಲಾ?
— ಅಂಗಡಿ ಲೆಕ್ಕ ಬರೆಯುವವರು, ದಾವಣಗೆರೆ

ಉತ್ತರ: ಈ ಉತ್ತರವನ್ನು ಅದೇ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದೇನೆ ಸರ್. ಫ್ರೇಮ್‌ವರ್ಕ್ 13, ಅದೂ 2021ರ ಮೊದಲ ಮಾಡೆಲ್. ಕ್ಯಾಲಿಫೋರ್ನಿಯಾದಲ್ಲಿರುವ ತಂಗಿ ತಂದುಕೊಟ್ಟಿದ್ದು.

ಪೆಟ್ಟಿಗೆಯಲ್ಲೇ ಒಂದು ಪುಟ್ಟ ಸ್ಕ್ರೂಡ್ರೈವರ್ ಬರುತ್ತದೆ. ತಳದ ಐದು ಸ್ಕ್ರೂ ಸಡಿಲಿಸಿ ಲ್ಯಾಪ್‌ಟಾಪನ್ನು ನೆಟ್ಟಗೆ ತಿರುಗಿಸಿದರೆ ಕೀಬೋರ್ಡ್ ಇರುವ ಮೇಲಿನ ಮುಚ್ಚಳ ಕೈಗೆ ಬರುತ್ತದೆ. ಅದನ್ನು ಹಿಡಿದಿಟ್ಟಿರುವುದು ಬರೀ ಅಯಸ್ಕಾಂತ. ಅಡಿಯಲ್ಲಿ ಒಂದು ರಿಬ್ಬನ್ ಕೇಬಲ್ ಇದೆ, ಆತುರದಲ್ಲಿ ಎಳೆಯಬೇಡಿ. ಒಳಗೆ ಬ್ಯಾಟರಿ, ರ‍್ಯಾಮ್, ಕಡತಗಳು ಉಳಿಯುವ ಎಸ್‌ಎಸ್‌ಡಿ, ಫ್ಯಾನ್ ಎಲ್ಲದರ ಹತ್ತಿರವೂ ಹೆಸರು ಮತ್ತು ಕ್ಯೂಆರ್ ಕೋಡ್ ಇವೆ. ಮೊಬೈಲ್ ಹಿಡಿದರೆ ಬಿಚ್ಚುವ ಕ್ರಮ ತೆರೆದುಕೊಳ್ಳುತ್ತದೆ. ಪಕ್ಕದ ನಾಲ್ಕು ಪೋರ್ಟ್‌ಗಳೂ ಬೆಂಕಿಪೊಟ್ಟಣದಂಥ ಬಿಲ್ಲೆಗಳು. ಟಿವಿಗೆ ಜೋಡಿಸಲು ಎಚ್‌ಡಿಎಂಐ ಬೇಕಾದ ದಿನ ಅದನ್ನು ತೂರಿಸಿ, ಬೇಡವಾದ ದಿನ ಯುಎಸ್‌ಬಿ ಹಾಕಿ.

2023ರಲ್ಲಿ ಇದೇ ಕವಚಕ್ಕೆ ಹೊಂದುವ, ಎಎಂಡಿ ಚಿಪ್ ಇರುವ ಮದರ್‌ಬೋರ್ಡ್ ಬಂತು. ನಾನೂ ಇಂಟೆಲ್ ಬೋರ್ಡ್ ತೆಗೆದು ಅದನ್ನು ಕೂರಿಸಿದೆ. ಸ್ಕ್ರೀನು, ಕೀಬೋರ್ಡು, ಎಸ್‌ಎಸ್‌ಡಿ ಹಳೆಯವೇ. ನಾನು ಬಳಸುವ ಲಿನಕ್ಸ್ ಆದ ಫೆಡೋರಾವನ್ನು ಮತ್ತೆ ಇನ್‌ಸ್ಟಾಲ್ ಕೂಡ ಮಾಡಲಿಲ್ಲ, ಆನ್ ಮಾಡಿದೆ, ಸುಮ್ನೆ ಎದ್ದು ಕೂತಿತು. ಆದರೆ ರ‍್ಯಾಮ್ ಮಾತ್ರ ಹೊಸದು ಬೇಕಾಯಿತು. ಹಳೆಯದು ಡಿಡಿಆರ್4 ತಲೆಮಾರಿನದು, ಹೊಸ ಬೋರ್ಡಿಗೆ ಅದರ ಮುಂದಿನ ಡಿಡಿಆರ್5 ಬೇಕು. "ಎಲ್ಲವೂ ಬದಲಾಯಿಸಬಹುದು" ಅನ್ನುವ ಮಾತಿಗೆ ಇಂಥ ಬಾಲಗಳಿರುತ್ತವೆ. ಹಳೆ ಬೋರ್ಡ್ ದಂಡವಾಗಲಿಲ್ಲ. ಸ್ಕ್ರೀನ್, ಬ್ಯಾಟರಿ ಇಲ್ಲದೆಯೂ ಅದು ಓಡುತ್ತದೆ. ಟಿವಿ ಹಿಂದೆ ಕೂತು ಮನೆಯ ಫೋಟೋಗಳನ್ನೆಲ್ಲ ಕಾಯುತ್ತಿದೆ.

ಲಿನಕ್ಸ್ ಬಗ್ಗೆ ನಿಮಗೆ ಜಾಸ್ತಿ ಹೇಳಬೇಕಿಲ್ಲ. ಉಬುಂಟು, ಫೆಡೋರಾ ಎರಡೂ ಬಗೆಯ ಲಿನಕ್ಸ್‌ಗೆ ಫ್ರೇಮ್‌ವರ್ಕ್ ಕಂಪನಿಯವರದೇ ಬೆಂಬಲ ಇದೆ. ವೈಫೈ, ಬೆರಳಚ್ಚು ಎಲ್ಲ ನಡೆಯುತ್ತದೆ. ಯಂತ್ರ ಆನ್ ಆದಾಗ ಮೊದಲು ಓಡುವ ಬಯಾಸ್‌ನ ಅಪ್‌ಡೇಟ್ ಕೂಡ ಲಿನಕ್ಸ್‌ನಿಂದಲೇ ಆಗುತ್ತದೆ. ತಲೆನೋವು ಕೊಟ್ಟಿದ್ದು ಅಕ್ಷರದ ಗಾತ್ರ. ನೂರು ಶೇಕಡಾ ಇಟ್ಟರೆ ಇರುವೆ ಸಾಲು, ಇನ್ನೂರು ಇಟ್ಟರೆ ಗೋಡೆ ಬರಹ. ನೂರೈವತ್ತಕ್ಕೆ ಇಟ್ಟು ನೆಮ್ಮದಿಯಾಗಿದ್ದೇನೆ.

ಇಷ್ಟು ಹೊಗಳಿದ ಮೇಲೆ ಫಿಲ್ಟರ್ ಕಾಫಿಯ ಕಥೆ ಕೇಳಿ. ಹೋದ ವರ್ಷ ಒಂದು ಬೆಳಗ್ಗೆ ಲೋಟ ಉರುಳಿತು, ಅರ್ಧ ಕಾಫಿ ಕೀಬೋರ್ಡಿನ ಹೊಟ್ಟೆಗೆ ಹೋಯಿತು. ತಪ್ಪು ನನ್ನದೇ. ಹೊಸ ಮುಚ್ಚಳ ಹಾಕುವುದು ಐದು ನಿಮಿಷದ ಕೆಲಸ. ಆ ಐದು ನಿಮಿಷಕ್ಕೆ ನಾನು ಏಳು ವಾರ ಕಾದೆ! ಕಂಪನಿ ಭಾರತದಲ್ಲಿ ಮಾರಾಟ ಮಾಡುವುದಿಲ್ಲ, ತಂಗಿ ಬರುವವರೆಗೆ ಬೇರೆ ದಾರಿ ಇರಲಿಲ್ಲ. ಅಷ್ಟೂ ದಿನ ಮುನ್ನೂರು ರೂಪಾಯಿಯ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಂಡು ಕೆಲಸ ಮಾಡಿದೆ.

ಹಾಗಾಗಿ ನಿಮ್ಮನ್ನು ಒಂದೇ ಪ್ರಶ್ನೆ ಕೇಳುತ್ತೇನೆ. ಅಳಿಯ ಪ್ರತಿ ವರ್ಷ ಬರುತ್ತಾನಾ? ಬರುತ್ತಾನೆ ಅಂದರೆ ತರಿಸಿಕೊಳ್ಳಿ. ಹದಿನೆಂಟು ತುಂಬಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಜೊತೆಗೇ ಒಂದು ಕೀಬೋರ್ಡ್ ಮುಚ್ಚಳ, ಒಂದು ಬ್ಯಾಟರಿ ತರಲು ಹೇಳಿ. ಬಿಡಿ ಬ್ಯಾಟರಿಯನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಬರುವುದು ಐದು ವರ್ಷಕ್ಕೊಮ್ಮೆ ಅಂದರೆ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ ಎಸ್‌ಪಿ ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ನೋಡಿ. 2018ರ ಯಂತ್ರ, ನೋಡಲು ಕರಿ ಇಟ್ಟಿಗೆ. ಆದರೆ ರ‍್ಯಾಮಿಗೆ ಎರಡು ಸ್ಲಾಟ್ ಇವೆ. ಹಿಂದಿನ ಬ್ಯಾಟರಿಯನ್ನು ಓಡುತ್ತಿರುವಾಗಲೇ ಬದಲಾಯಿಸಬಹುದು, ಒಳಗೆ ಇನ್ನೊಂದು ಇರುತ್ತದೆ. ಕೀಬೋರ್ಡಿಗೆ ತಳದಲ್ಲಿ ಎರಡೇ ಸ್ಕ್ರೂ. ದಾವಣಗೆರೆಯಿಂದ ಹೋಗಿ ಸಂಜೆಯೊಳಗೆ ಪಾರ್ಟ್ ಹಿಡಿದುಕೊಂಡು ವಾಪಸ್ ಬರಬಹುದು, ಅಲ್ವಾ?

ಪ್ರಶ್ನೆ: ಮಗ ನನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟು ಹೋಗಿದ್ದಾನೆ. ನನಗೆ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಯೇ ಅಭ್ಯಾಸ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆರೆದರೆ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಎಲ್ಲ ಹಾಳಾಯಿತೇ?
— ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ಏನೂ ಹಾಳಾಗಿಲ್ಲ ಮೇಡಂ. ಟೈಪಿಂಗ್ ಮೊದಲು ನೋಡೋಣ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಅಂತ ಇರುತ್ತದೆ. ಅಲ್ಲಿ ಕನ್ನಡ ಸೇರಿಸುವಾಗ 'ಕಗಪ' ಅನ್ನುವುದನ್ನು ಆರಿಸಿ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಅದು, ನುಡಿಯಲ್ಲಿ ಇದ್ದದ್ದೇ. ಎಫ್ ಕೀಲಿ ಒತ್ತಿ ಒತ್ತಕ್ಷರ ತರುವ ನಿಮ್ಮ ಬೆರಳಿನ ರೂಢಿ ಹಾಗೇ ನಡೆಯುತ್ತದೆ.

ಕಡತಗಳದ್ದು ಬೇರೆ ಕಥೆ. ಹಳೆಯ ನುಡಿಯಲ್ಲಿ ಬರೆದದ್ದು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಇಟ್ಟಿದ್ದರು. ಆ ಫಾಂಟ್ ಇಲ್ಲದಿದ್ದರೆ ಅಡಿಯಲ್ಲಿರುವ ಗುರುತುಗಳು ಬಯಲಾಗುತ್ತವೆ. ಇದು ಲಿನಕ್ಸ್‌ನ ತಪ್ಪಲ್ಲ, ವಿಂಡೋಸ್‌ನಲ್ಲೂ ಫಾಂಟ್ ತೆಗೆದರೆ ಇದೇ ಗತಿ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಪಠ್ಯವನ್ನು ಅದರಲ್ಲಿ ಅಂಟಿಸಿ, ಬಂದದ್ದನ್ನು ವರ್ಡ್‌ನಂಥದ್ದೇ ಆದ ಲಿಬ್ರೆಆಫೀಸ್‌ನಲ್ಲಿ ಉಳಿಸಿ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿ, ಅಲ್ಲಿ ಎಡವುವುದುಂಟು. ಮೂಲ ಕಡತವನ್ನು ಅಳಿಸಬೇಡಿ.

ಪ್ರಶ್ನೆ: ವಿಂಡೋಸ್ 10 ನಿಂತುಹೋಯಿತಂತೆ. ನನ್ನ ಒಂಬತ್ತು ವರ್ಷದ ಲ್ಯಾಪ್‌ಟಾಪ್ ಗುಜರಿಗೇನಾ?
— ಬಿಕಾಂ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನಿಂತದ್ದು ಉಚಿತ ಬೆಂಬಲ, 2025ರ ಅಕ್ಟೋಬರ್ 14ಕ್ಕೆ. ಯಂತ್ರಕ್ಕೇನೂ ಆಗಿಲ್ಲ. ಒಳಗೆ ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿಸು, ಲಿನಕ್ಸ್ ಮಿಂಟ್ ಹಾಕು. ಕಾಲೇಜಿನಲ್ಲಿ ಟ್ಯಾಲಿ ಕಲಿಸುತ್ತಾರಾ? ಹಾಗಿದ್ದರೆ ಅದನ್ನು ಲ್ಯಾಬಿನಲ್ಲೇ ಮಾಡು, ಲಿನಕ್ಸ್‌ನಲ್ಲಿ ಅದರ ಜೊತೆ ಗುದ್ದಾಡಬೇಡ.

ಪ್ರಶ್ನೆ: ಬಿಚ್ಚಿದ ಸ್ಕ್ರೂಗಳು ಪ್ರತಿ ಸಲ ಅದಲುಬದಲಾಗುತ್ತವೆ. ಉಪಾಯ ಇದೆಯಾ?
— ಓದುಗರು, ಹಾಸನ

ಉತ್ತರ: ಪಡ್ಡಿನ ಕಾವಲಿ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದು ಜಾಗದ ಸ್ಕ್ರೂ ಹಾಕುತ್ತಾ ಹೋಗಿ. ಉದ್ದದ ಸ್ಕ್ರೂ ಗಿಡ್ಡದರ ತೂತಿಗೆ ಹೋದರೆ ಒಳಗಿನ ಬೋರ್ಡನ್ನೇ ಚುಚ್ಚಬಹುದು. ನಾನು ಮೊದಲು ಇಡ್ಲಿ ತಟ್ಟೆ ಬಳಸುತ್ತಿದ್ದೆ. ಅದರಲ್ಲಿ ತೂತುಗಳಿರುತ್ತವೆ ಅನ್ನುವುದು ಎರಡು ಸ್ಕ್ರೂ ಸೋಫಾ ಅಡಿಗೆ ಹೋದ ಮೇಲೆ ಹೊಳೆಯಿತು.